ಡಾಕ್ಟರಮ್ಮನ ಮಹಜರು

ತಿರುಮಕೂಡಲು ನರಸೀಪುರದ ತಾಲ್ಲೂಕು ಕಚೇರಿಯಲ್ಲಿ ಅಮಲ್ದಾರರನ್ನು ಬಿಟ್ಟರೆ ದೊಡ್ಡ ಮನುಷ್ಯ ಯಾರು ಎಂದು ಕೇಳಿದರೆ ಊರಿನವರು ಶಿರಸ್ತೇದಾರರ ಕಡೆ ಕೈ ತೋರಿಸುತ್ತಿದ್ದರು. ಅದೇ ಪ್ರಶ್ನೆಯನ್ನು ದಫೇದಾರ್ ಹುಚ್ಚಯ್ಯನಿಗೆ ಕೇಳಿದರೆ ಅವನು ಎದೆಯ ಮೇಲಿನ ಹಿತ್ತಾಳೆ ಬಿಲ್ಲೆಯನ್ನು ರುಮಾಲಿನ ತುದಿಯಿಂದ ಒರೆಸಿಕೊಳ್ಳುತ್ತಿದ್ದ, ಅಷ್ಟೆ. ಅಮಲ್ದಾರರು ಸವಾರಿ ಹೊರಟರೆ ಮುಂದೆ ನಡೆಯುವವನು ಅವನು. ಗದ್ದೆಯ ಬದುವಿಗೆ ಜಗಳವಾಗಲಿ, ಕಾಲುವೆ ಒಡೆಯಲಿ, ಸ್ಥಳಕ್ಕೆ ಹೋಗಿ ಪಂಚರನ್ನು ನಿಲ್ಲಿಸಿ ಕಣ್ಣಾರೆ ಕಂಡದ್ದನ್ನು ಬರೆಸಿ ಮಹಜರು ಮಾಡಿಸುವಾಗ, 'ಸುಮ್ಕಿರ‍್ರಲಾ' ಎಂದು ಗದರುವ ಅಧಿಕಾರವೂ ಅವನದೇ. ಹೀಗಾಗಿ ಲೋಕದಲ್ಲಿ ಮಹಜರಿನಿಂದ ಇತ್ಯರ್ಥವಾಗದ ಸಂಗತಿ ಯಾವುದೂ ಇಲ್ಲವೆಂದು ಅವನು ನಂಬಿದ್ದ.

ಇಂಥ ಹುಚ್ಚಯ್ಯನ ಹೆಂಡತಿ ಚಿನ್ನಮ್ಮ, ಮದುವೆಯಾಗಿ ಎಷ್ಟೋ ವರ್ಷ ಕಾದು, ಇನ್ನು ಆಗುವುದಿಲ್ಲವೆಂದು ನೆಂಟರೆಲ್ಲ ಕೈಬಿಟ್ಟ ಮೇಲೆ ಬಸುರಿಯಾದಳು. ತಿಂಗಳು ತುಂಬುತ್ತ ಬಂದಂತೆ ದೇವನೂರಿನಿಂದ ಅವಳ ತಾಯಿ ಕೆಂಪಾಜಮ್ಮ ಗಂಟು ಹೊತ್ತು ಬಂದಿಳಿದಳು.

"ಚೊಚ್ಚಲ ಎರಿಗೆ ತವರುಮನೇಲಿ ಆಗ್ಬೇಕು. ಮಗಳ್ನ ಕಳ್ಸಪ್ಪ," ಎಂದಳು.

"ನಿಮ್ಮೂರಲ್ಲಿ ಎರಿಗೆ ಮಾಡ್ಸೋರು ಯಾರು?" ಎಂದ ಹುಚ್ಚಯ್ಯ.

"ಯಾಕೆ, ನಮ್ಮ ಸೂಲಗಿತ್ತಿ ಅವ್ಳಲ್ಲ. ಇಡೀ ಊರ‍್ನೇ ಆಚೆಗೆ ತಂದೋಳು."

"ಅವ್ಳಿಗೆ ಕಣ್ಣಿಗೆ ಪೊರೆ ಬಂದದೆ. ಓದ ಸಲ ಗಂಡುಮಗೀನ ಎತ್ತಿಡ್ದು ಎಣ್ಣು ಅಂತ ಸಾರಿದ್ಲಂತೆ. ಸರ್ಕಾರದ ದಫೇದಾರನ ಎಂಡ್ತಿ ಕಣತ್ತೆ ಇವ್ಳು. ಪಾಸು ಮಾಡಿರೋ ಡಾಕ್ಟರಮ್ಮನೇ ಬೇಕು. ಅಲ್ದೆ ನಂಗೆ ಇನ್ಸೂರೆನ್ಸು ಐತೆ."

ಕೆಂಪಾಜಮ್ಮನಿಗೆ ಆ ಶಬ್ದ ಯಾವುದೋ ಹೊಸ ರೋಗದ ಹೆಸರಿನಂತೆ ಕೇಳಿಸಿತು. ಅವಳು ಅಳಿಯನನ್ನು ಮರುಕದಿಂದ ನೋಡಿದಳು. ಹುಚ್ಚಯ್ಯನಿಗೂ ಅದರ ಪೂರ್ತಿ ಅರ್ಥ ಗೊತ್ತಿರಲಿಲ್ಲ. ಪ್ರತಿ ಸಂಬಳದಲ್ಲೂ ಸರ್ಕಾರದವರು ಸ್ವಲ್ಪ ಮುರಿದುಕೊಳ್ಳುತ್ತಿದ್ದರು. ಯಾಕೆಂದು ಕೇಳಿದಾಗ ಗುಮಾಸ್ತೆ ಸೀತಾರಾಮಯ್ಯ, "ಕಷ್ಟಕಾಲಕ್ಕೆ ಆಗುತ್ತೆ ಕಣೋ," ಎಂದಿದ್ದರು. ಹೆರಿಗೆಗಿಂತ ಕಷ್ಟಕಾಲ ಯಾವುದಿದೆ ಎಂಬುದು ಹುಚ್ಚಯ್ಯನ ತರ್ಕ.

ನರಸೀಪುರದಲ್ಲೇ ಒಬ್ಬಳಿದ್ದಳು. ಸಂತೆಮಾಳದ ಹತ್ತಿರ ಬೇರು, ಲೇಹ್ಯ, ಖಾರದ ಪುಡಿ ಮಾರುವ ಮಂಚಮ್ಮ ಎಂಬ ವಿಧವೆ. ಅವಳ ಪಡಸಾಲೆಯ ಗೋಡೆಗೆ ಗಾಜು ಹಾಕಿಸಿದ ಒಂದು ದೊಡ್ಡ ಸರ್ಟಿಫಿಕೇಟು ತೂಗುತ್ತಿತ್ತು. ಮೇಲೆ ಗಂಡಭೇರುಂಡ, ಕೆಳಗೆ ಕೆಂಪು ಮೊಹರು, ನಡುವೆ ಇಂಗ್ಲಿಷು. ಅದನ್ನು ನೋಡಿಯೇ ಅರ್ಧ ಊರು ಅವಳನ್ನು 'ಮಂಚಮ್ಮ ಡಾಕ್ಟರು' ಎನ್ನುತ್ತಿತ್ತು. ಹುಚ್ಚಯ್ಯ ಮೊಹರನ್ನು ಕಂಡು ಅರ್ಧ ಒಲಿದುಬಿಟ್ಟ. ಆದರೂ ಮಹಜರು ಮಹಜರೇ. ಇಂಗ್ಲಿಷ್ ಬಲ್ಲ ಸೀತಾರಾಮಯ್ಯನವರನ್ನು ಸಂಜೆ ಕಚೇರಿ ಬಿಟ್ಟ ಮೇಲೆ ಪಂಚರಾಗಿ ಕರೆದುಕೊಂಡು ಹೋದ.

ಸೀತಾರಾಮಯ್ಯನವರು ಕನ್ನಡಕ ಏರಿಸಿ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಓದಿದರು. ಓದುತ್ತ ಓದುತ್ತ ಅವರ ಭುಜ ಕುಲುಕತೊಡಗಿತು.

"ಏನಂತೆ ಸ್ವಾಮಿ? ಯಾವ ಪಾಸು?"

"ಉತ್ತಮ ಜೋಡಿ ಹೋರಿ ಅಂತ ಬರೆದಿದೆ ಕಣೋ. ಮುಡುಕುತೊರೆ ದನದ ಜಾತ್ರೇಲಿ ಕೊಟ್ಟ ಮೊದಲನೇ ಬಹುಮಾನ."

ಹುಚ್ಚಯ್ಯನಿಗೆ ರುಮಾಲು ಬಿಗಿಯಾದಂತಾಯಿತು. "ಏನ್ ಮಂಚಮ್ಮ ಇದು, ಊರ‍್ಗೆಲ್ಲ ಡಾಕ್ಟರು ಅಂತ ಏಳ್ಕೊಂಡು..."

ಖಾರದ ಪುಡಿ ಜರಡಿ ಹಿಡಿಯುತ್ತಿದ್ದ ಮಂಚಮ್ಮ ಕೈ ನಿಲ್ಲಿಸಲಿಲ್ಲ. "ನಾನ್ಯಾವಾಗ ಏಳ್ದೆ? ನನ್ನ ಗಂಡ ಗೆದ್ದ ಕಾಗ್ದ. ಅವ್ರ ನೆನಪಿಗೆ ಗೋಡೆಗಾಕಿವ್ನಿ. ನೀವೇ ಬಂದ್ರಿ, ನೀವೇ ನೋಡಿದ್ರಿ, ನೀವೇ ಡಾಕ್ಟರು ಅಂದ್ರಿ. ಬ್ಯಾಡ ಅನ್ನೋಕೆ ನಾನ್ಯಾರು?" ಆಮೇಲೆ ಸ್ವಲ್ಪ ಯೋಚಿಸಿ ಸೇರಿಸಿದಳು: "ಒಂದ್ಮಾತು. ಆ ಓರಿಗಳು ಹುಟ್ಟುವಾಗ ಕಾಲಿಡ್ದು ಎಳ್ದೋಳು ನಾನೇ. ಎರಡಕ್ಕೂ ಏನೂ ಆಗ್ಲಿಲ್ಲ."

ಅಲ್ಲಿಗೆ ನರಸೀಪುರದ ಮಹಜರು ಮುಗಿಯಿತು. ಸೀತಾರಾಮಯ್ಯನವರು ದಾರಿಯುದ್ದಕ್ಕೂ ನಕ್ಕರು. ನಕ್ಕು ಸುಸ್ತಾದ ಮೇಲೆ ಒಂದು ಉಪಕಾರದ ಮಾತನ್ನೂ ಹೇಳಿದರು. ನಂಜನಗೂಡಿನ ಹೆಂಗಸರ ಡಿಸ್ಪೆನ್ಸರಿಗೆ ಮದರಾಸಿನಲ್ಲಿ ಓದಿದ ಹೊಸ ಡಾಕ್ಟರಮ್ಮ ಬಂದಿದ್ದಾಳೆ, ಹೆಸರು ಚಂಪಕ. ತಾವು ಹೇಗೂ ನಂಜುಂಡೇಶ್ವರನಿಗೆ ಹರಕೆ ತೀರಿಸಲು ಗಾಡಿ ಕಟ್ಟಿಸುತ್ತಿದ್ದೇವೆ, ಬೇಕಾದರೆ ಬಾ ಎಂದರು.

ಹುಚ್ಚಯ್ಯ ಪೂರ್ತಿ ಪೋಷಾಕಿನಲ್ಲೇ ಹೊರಟ. ರುಮಾಲು, ಸೊಂಟಕ್ಕೆ ಕೆಂಪು ದಟ್ಟಿ, ಹೊಳೆಯುವ ಬಿಲ್ಲೆ. ಅವನು ಡಿಸ್ಪೆನ್ಸರಿಯ ಜಗಲಿ ಹತ್ತಿದಾಗ ಅಲ್ಲಿ ಕೂತಿದ್ದ ಹೆಂಗಸರು ಕಂದಾಯ ವಸೂಲಿಗೆ ಬಂದನೆಂದುಕೊಂಡು ಸೆರಗು ಹೊದ್ದು ಗೋಡೆ ಕಡೆ ತಿರುಗಿದರು. ಒಳಗೆ ಮೇಜಿನ ಹಿಂದೆ ಬಿಳಿ ಸೀರೆಯ ಒಬ್ಬಳು ಹುಡುಗಿ ಯಾವುದೋ ಮಗುವಿನ ನಾಲಗೆ ನೋಡುತ್ತಿದ್ದಳು.

"ಡಾಕ್ಟರಮ್ಮಾವ್ರು ಎಲ್ಲವ್ರೆ?" ಎಂದ ಹುಚ್ಚಯ್ಯ.

"ನಾನೇ. ಏನಾಗಬೇಕು?"

ಹುಚ್ಚಯ್ಯ ತಿರುಗಿ ಸೀತಾರಾಮಯ್ಯನವರನ್ನು ನೋಡಿದ. ಅವರು ಬಾಗಿಲ ಬಳಿಯೇ ನಿಂತು ಸೂರಿನ ತೊಲೆಗಳನ್ನು ನೋಡುತ್ತಿದ್ದರು. ಹುಚ್ಚಯ್ಯ ಗಂಟಲು ಸರಿಮಾಡಿಕೊಂಡು ಅಮಲ್ದಾರರ ದನಿಯಲ್ಲಿ ಶುರುಮಾಡಿದ.

"ಎಸ್ರು? ತಂದೆ ಎಸ್ರು? ಯಾವೂರು?"

ಚಂಪಕ ಮಗುವಿನ ಬಾಯಿ ಮುಚ್ಚಿಸಿ ತಾಯಿಯ ಕೈಗೆ ಕೊಟ್ಟಳು. ಎದುರಿಗೆ ನಿಂತ ಬಿಲ್ಲೆಯನ್ನು ನೋಡಿದಳು. ಸಿಟ್ಟಾಗಬೇಕೋ ನಗಬೇಕೋ ಎಂದು ಒಂದು ಗಳಿಗೆ ಯೋಚಿಸಿರಬೇಕು. ಆಮೇಲೆ ತನ್ನ ಹೆಸರು, ತಂದೆಯ ಹೆಸರು, ಊರು ಮೈಸೂರು ಎಂದು ಒಪ್ಪಿಸಿದಳು.

"ಪಾಸು?"

ಅವಳು ಬೀರುವಿನಿಂದ ಸರ್ಟಿಫಿಕೇಟು ತೆಗೆದು ಮೇಜಿನ ಮೇಲಿಟ್ಟಳು. ಹುಚ್ಚಯ್ಯನ ಕಣ್ಸನ್ನೆಗೆ ಸೀತಾರಾಮಯ್ಯನವರು ಮುಂದೆ ಬರಲೇಬೇಕಾಯಿತು. ಕ್ಷಮೆ ಕೇಳುವವರಂತೆ ಬಗ್ಗಿ ಓದಿದರು.

"ಓರಿ ಗೀರಿ ಏನೂ ಇಲ್ವಲ್ಲ ಸ್ವಾಮಿ?" ಎಂದು ಹುಚ್ಚಯ್ಯ ಅವರ ಕಿವಿಯಲ್ಲಿ ಕೇಳಿದ. ಅವನ ಪಿಸುಮಾತು ಜಗಲಿಯವರೆಗೂ ಕೇಳಿಸುತ್ತಿತ್ತು.

"ಇಲ್ಲ ಕಣೋ. ಹೆರಿಗೆ, ಹೆಂಗಸರ ಕಾಯಿಲೆ, ಎರಡರಲ್ಲೂ ತೇರ್ಗಡೆ."

"ಆಯ್ತು. ಇನ್ನೊಂದು ಇಚಾರ ತಾಯಿ. ನಂದು ಸರ್ಕಾರಿ ಇನ್ಸೂರೆನ್ಸು ಐತೆ. ಇಲ್ಲಿ ನಡೀತದಾ?"

ಚಂಪಕ ಕೈಕಟ್ಟಿ ಕೂತಳು. "ಆ ಹಣ ಯಾರಿಗೆ ಬರುತ್ತೆ ಗೊತ್ತೇನು ದಫೇದಾರರೇ?"

"ನಂಗೆ."

"ನಿಮಗೆ ವಯಸ್ಸಾಗಿ ನೌಕರಿ ಬಿಟ್ಟ ಮೇಲೆ. ಅದಕ್ಕೆ ಮುಂಚೆ ಬೇಕಾದರೆ ನಿಮ್ಮ ಹೆಂಡತಿಗೆ ಬರುತ್ತೆ, ನೀವು ಹೋದ ಮೇಲೆ."

"ನಾನು ಎಲ್ಲಿಗೋದ ಮೇಲೆ?"

ಸೀತಾರಾಮಯ್ಯನವರು ಕೆಮ್ಮಿ ಬೆರಳಿನಿಂದ ಮೇಲಕ್ಕೆ ತೋರಿಸಿದರು. ಹುಚ್ಚಯ್ಯ ಸೂರು ನೋಡಿದ, ಹಂಚು ನೋಡಿದ. ಆಮೇಲೆ ಅವನಿಗೆ ತಿಳಿಯಿತು. ಇಷ್ಟು ವರ್ಷ ತನ್ನ ಸಾವಿಗೆ ತಾನೇ ತಿಂಗಳು ತಿಂಗಳು ವಂತಿಗೆ ಕೊಡುತ್ತಿದ್ದೆನೆಂದು ಅರಿತು ಅವನ ಮುಖ ಹುಣಸೆಹಣ್ಣು ಚೀಪಿದಂತಾಯಿತು.

"ಕಷ್ಟಕಾಲ ಅಂದಿದ್ರಿ ಸ್ವಾಮಿ!"

"ಅದೂ ಕಷ್ಟಕಾಲವೇ ಅಲ್ವೇನೋ?" ಎಂದರು ಸೀತಾರಾಮಯ್ಯ.

"ಇಲ್ಲಿ ಇನ್ಶೂರೆನ್ಸ್ ಬೇಡ," ಎಂದಳು ಚಂಪಕ. "ಇದು ಧರ್ಮದ ಡಿಸ್ಪೆನ್ಸರಿ. ಹೆರಿಗೆ ಮಾಡಿಸೋದಕ್ಕೆ ಯಾರೂ ಸಾಯಬೇಕಾಗಿಲ್ಲ. ನಿಮ್ಮ ವಿಚಾರಣೆ ಮುಗಿಯಿತೆ? ಹಾಗಾದರೆ ಈಗ ನಂದು. ಹೆಂಡತಿಗೆ ಎಷ್ಟು ತಿಂಗಳು?"

"ಎಷ್ಟು ಅಂದ್ರೆ... ಅತ್ತೆ ಬಂದವ್ರೆ. ಅಂದ್ರೆ ಅತ್ರ ಆದಂಗೆ ಲೆಕ್ಕ."

"ಮಗು ಮೊದಲು ಒದ್ದದ್ದು ಯಾವಾಗ?"

"ಒಳಗಿದ್ಕಂಡೇ ಒದೀತದಾ?"

ಜಗಲಿಯ ಹೆಂಗಸರು ಗೋಡೆ ಕಡೆಯಿಂದ ಇತ್ತ ತಿರುಗಿದರು. ಒಬ್ಬಳು ಕಿಸಕ್ಕನೆ ನಕ್ಕಳು.

"ತಲೆನೋವು ಇದೆಯೇ? ಕಣ್ಣು ಮಂಜಾಗುತ್ತಾ? ಕಾಲು ಊದಿದೆಯಾ?"

ಹುಚ್ಚಯ್ಯ ನೆನಪಿಸಿಕೊಳ್ಳಲು ನೋಡಿದ. ಬೆಳಿಗ್ಗೆ ಎದ್ದರೆ ಅಂಬಲಿ ಇರುತ್ತಿತ್ತು, ಸಂಜೆ ಬಂದರೆ ಮುದ್ದೆ ಇರುತ್ತಿತ್ತು. ಅವೆರಡರ ನಡುವೆ ಚಿನ್ನಮ್ಮನಿಗೆ ಏನೇನಾಗುತ್ತಿತ್ತೋ ಅವನಿಗೆ ತಿಳಿಯದು. ಆದರೂ ಉತ್ತರ ಕೊಡದೆ ಬಿಟ್ಟರೆ ಬಿಲ್ಲೆಗೆ ಅವಮಾನ.

"ಮೊಕ ಮಾತ್ರ ದುಂಡುಗೆ ತುಂಬ್ಕೊಂಡದೆ ತಾಯಿ. ಬಸುರಿ ಕಳೆ ಬಂದದೆ ಅಂತ ಬೀದಿಯೋರೆಲ್ಲ ಅಂತಾರೆ."

ಚಂಪಕಳ ಮುಖದಲ್ಲಿದ್ದ ನಗೆ ಹೊರಟುಹೋಯಿತು. "ಅದು ಕಳೆಯೋ ಊತವೋ ನಾನು ನೋಡಬೇಕು. ತಡಮಾಡಬೇಡಿ. ಕೂಡಲೇ ಕರೆದುಕೊಂಡು ಬನ್ನಿ."

ಹಿಂದಿರುಗುವಾಗ ಗಾಡಿಯಲ್ಲಿ ಸೀತಾರಾಮಯ್ಯನವರು ಪ್ರಸಾದ ಕೊಟ್ಟರೆ ಹುಚ್ಚಯ್ಯ ಕೈಯಲ್ಲಿ ಹಿಡಿದುಕೊಂಡೇ ಕೂತ. ಮನೆಗೆ ಬಂದವನು ದಟ್ಟಿಯನ್ನೂ ಬಿಚ್ಚದೆ ನೇರ ಹಿತ್ತಿಲಿಗೆ ನಡೆದ. ಚಿನ್ನಮ್ಮ ಒರಳುಕಲ್ಲಿನ ಹತ್ತಿರ ಕಾಲು ಚಾಚಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಅವನು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಪಾದಗಳನ್ನೇ ದಿಟ್ಟಿಸಿದ. ಪಾದಗಳು ಹುದುಗು ಬಂದ ಹಿಟ್ಟಿನಂತೆ ಉಬ್ಬಿದ್ದವು. ಹೆಬ್ಬೆರಳಿನಿಂದ ಒತ್ತಿದ, ಒತ್ತಿದ ಕಡೆ ಗುಳಿ ಹಾಗೇ ನಿಂತಿತು.

"ಕಾಲುಂಗುರ ಎಲ್ಲಮ್ಮಿ?"

"ಸೆರಗಿನ ತುದೀಲಿ ಗಂಟು ಆಕ್ಕಂಡಿವ್ನಿ. ಅವ್ವಂಗೆ ಏಳ್ಬ್ಯಾಡ. ಗಂಡ ಇರೋವಾಗ ಬಿಚ್ಚಿದ್ಯಾ ಅಂತ ಬಯ್ತಾಳೆ. ಬಿಗಿಯಾಗಿ ಬೆರಳೇ ಕಿತ್ತೋಗಂಗಾಗಿತ್ತು."

"ಯಾವಾಗ್ನಿಂದ?"

"ನೀನು ನೋಡ್ದೆ ಇದ್ದಾಗ್ನಿಂದ." ಅವಳು ನಕ್ಕಳು. "ಏನಿದು, ನನ್ನ ಕಾಲಿಗೂ ಮಾಜರಾ?"

ಹುಚ್ಚಯ್ಯನಿಗೆ ನಗು ಬರಲಿಲ್ಲ. ತಲೆನೋವು ಕೇಳಿದ. ಇದೆ ಎಂದಳು. ಕಣ್ಣು ಮಂಜು ಕೇಳಿದ. ಆಗಾಗ ಎಂದಳು. ಕೊನೆಗೆ, ಬೇರೆ ಏನು ಹೇಳಬೇಕೋ ತೋಚದೆ, ಇನ್ಶೂರೆನ್ಸಿನ ಸಂಗತಿ ಹೇಳಿದ. "ನಾನು ಸತ್ರೆ ದುಡ್ಡು ನಿಂಗೆ ಬತ್ತದಂತೆ ಕಣಮ್ಮಿ."

"ಅದನ್ನ ಇಸ್ಕೊಳ್ಳಾಕೆ ಮೊದ್ಲು ನಾನು ಉಳ್ಕಬೇಕಲ್ಲ," ಎಂದಳು ಚಿನ್ನಮ್ಮ, ಸೊಪ್ಪಿನ ದಂಟು ಮುರಿಯುತ್ತ.

ಆ ಮಾತು ಹುಚ್ಚಯ್ಯನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಮಾರನೆಯ ಬೆಳಿಗ್ಗೆಯೇ ಅಮಲ್ದಾರರಿಗೆ ರಜೆ ಕೇಳಿ, ಗಾಡಿಗೆ ಹುಲ್ಲು ಹಾಸಿ, ಅದರ ಮೇಲೆ ಕಂಬಳಿ, ಕಂಬಳಿಯ ಮೇಲೆ ಚಿನ್ನಮ್ಮನನ್ನು ಕೂರಿಸಿದ. ಕೆಂಪಾಜಮ್ಮ ನಂಜನಗೂಡು ದೇವನೂರಿನ ದಾರಿಯೇ ಎಂಬ ಸಮಾಧಾನದಿಂದ ಹತ್ತಿದಳು. ಮನಸ್ಸಿನಲ್ಲಿ ಮಾತ್ರ ಡಾಕ್ಟರಮ್ಮನಿಗೆಂದು ಬೇರೆಯೇ ಒಂದು ಪರೀಕ್ಷೆ ಇಟ್ಟುಕೊಂಡಿದ್ದಳು. ಡಿಸ್ಪೆನ್ಸರಿಯ ಹೊಸ್ತಿಲಲ್ಲೇ ಅದನ್ನು ಮುಂದಿಟ್ಟಳು.

"ನಿನ್ನೊಟ್ಟೇಲಿ ಎಷ್ಟು ಮಕ್ಳ ಎತ್ತಿದ್ದೀಯವ್ವ?"

"ಒಂದೂ ಇಲ್ಲ ಅಜ್ಜಿ."

"ಮದ್ವೆ?"

"ಆಗಿಲ್ಲ."

ಕೆಂಪಾಜಮ್ಮ ಗೆದ್ದವಳಂತೆ ಅಳಿಯನ ಕಡೆ ತಿರುಗಿದಳು. "ನೋಡಪ್ಪ. ಎರದೇ ಇರೋಳು ಎರಿಗೆ ಮಾಡುಸ್ತಾಳಂತೆ!"

"ನಿಮ್ಮೂರ ಬಡಗಿ ಗಾಡಿ ಮಾಡ್ತಾನಲ್ಲ ಅಜ್ಜಿ," ಎಂದಳು ಚಂಪಕ, ಆಗಲೇ ಚಿನ್ನಮ್ಮನ ನಾಡಿ ಹಿಡಿದು, "ಅವನು ಯಾವತ್ತಾದರೂ ಎತ್ತಾಗಿ ಗಾಡಿ ಎಳೆದಿದ್ದಾನಾ?"

ಕೆಂಪಾಜಮ್ಮ ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮಗಳ ಹಿಂದೆಯೇ ಒಳಗೆ ನಡೆದಳು.

ಪರೀಕ್ಷೆ ಮಾಡಿದ ಚಂಪಕ ಕಟ್ಟುನಿಟ್ಟಾಗಿ ಹೇಳಿದಳು: ಚಿನ್ನಮ್ಮ ನರಸೀಪುರಕ್ಕೂ ಹೋಗುವಂತಿಲ್ಲ, ದೇವನೂರಿಗೂ ಹೋಗುವಂತಿಲ್ಲ. ಇಲ್ಲೇ ಮಲಗಿರಬೇಕು. ಉಪ್ಪು, ಉಪ್ಪಿನಕಾಯಿ, ಸಂಡಿಗೆ ಯಾವುದೂ ಕೂಡದು. ಹಾಲು, ಅನ್ನ, ಹಣ್ಣು ಅಷ್ಟೆ. ಕೆಂಪಾಜಮ್ಮನಿಗೆ ಇದು ಬಸುರಿಗೆ ಮಾಡುವ ದ್ರೋಹವಾಗಿ ಕಂಡಿತು. ಹಿಂದಿನ ಬೀದಿಯ ನೆಂಟರ ಮನೆಯಲ್ಲಿ ಅಡುಗೆ ಮಾಡಿ, ಹಾಲಿನ ಚೊಂಬಿನ ಕೆಳಗೆ ಬಟ್ಟಲು ಅಡಗಿಸಿ ಬಸ್ಸಾರು ತಂದಳು. ಬಸ್ಸಾರಿನ ಒಗ್ಗರಣೆ ಅಡಗುತ್ತದೆಯೆ? ಚಂಪಕ ಬಾಗಿಲಲ್ಲೇ ನಿಂತು ಮೂಗರಳಿಸಿದಳು.

"ಅದು ಹಾಲೇನು ಅಜ್ಜಿ?"

"ಊಂ ಕಣವ್ವ. ಬೆಳ್ಳುಳ್ಳಿ ಮೇದಿರೋ ಅಸೀಂದು."

ಬಟ್ಟಲು ಹುಚ್ಚಯ್ಯನ ಪಾಲಾಯಿತು. ಜಗಲಿಯಲ್ಲಿ ಕೂತು ಅವನು ಅದನ್ನು ಉಣ್ಣುತ್ತಿದ್ದರೆ ಒಳಗಿನಿಂದ ಚಿನ್ನಮ್ಮ ಹಲ್ಲು ಕಡಿದಳು. ಆ ದಿನಗಳಲ್ಲಿ ಹುಚ್ಚಯ್ಯ ಮಾಡಿದ ಕೆಲಸ ಒಂದೇ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹೆಂಡತಿಯ ಪಾದ ಒತ್ತಿ ಗುಳಿ ನೋಡುವುದು. ಊತ ಇಳಿಯಿತು ಎಂದು ಅವನೇ ಮೊದಲು ಕಂಡುಹಿಡಿದು ಡಿಸ್ಪೆನ್ಸರಿಗೆಲ್ಲ ಕೇಳುವಂತೆ ಕೂಗಿದ. ಚಂಪಕ ಬಂದು ನೋಡಿ, ಹೌದೆಂದಳು.

ಹೆರಿಗೆ ಒಂದು ಮಧ್ಯಾಹ್ನ ಆಯಿತು. ಸುಲಭವಾಗೇನೂ ಆಗಲಿಲ್ಲ. ಒಳಗೆ ಚಿನ್ನಮ್ಮ ಕೂಗಿದಾಗಲೆಲ್ಲ ಹುಚ್ಚಯ್ಯ ಜಗಲಿಯ ಕಂಬವನ್ನು ತಬ್ಬಿಕೊಂಡ. ಒಂದು ಹಂತದಲ್ಲಿ ಒಳಗಿಂದ ಏನೂ ಕೇಳಿಸದಂತಾಯಿತು. ಕೂಗೂ ಇಲ್ಲ, ಮಾತೂ ಇಲ್ಲ. ಅವನು, "ನನ್ನ ಬೇಕಾದ್ರೆ ಕರ್ಕಳಪ್ಪ ನಂಜುಂಡ, ಕಾಗ್ದ ಪತ್ರ ಎಲ್ಲ ತಯಾರದೆ," ಎಂದು ಬೇಡಿಕೊಂಡ. ಅಷ್ಟರಲ್ಲಿ ತಗಡು ಹರಿದಂಥ ಒಂದು ಎಳೆಯ ದನಿ ಕಿರುಚಿತು.

ಕೆಂಪಾಜಮ್ಮ ಹೊರಗೆ ಬಂದಳು. ಕಣ್ಣು ಕೆಂಪಗಿತ್ತು, ಕುಪ್ಪಸ ಬೆವೆತಿತ್ತು.

"ಎಣ್ಣುಮಗ. ಇಬ್ರೂ ಸಂದಾಗವ್ರೆ."

"ಎಣ್ಣು ಅಂತ ಸರ್ಯಾಗಿ ನೋಡಿದ್ರಾ ಅತ್ತೆ?"

"ಎರಡು ದಪ ನೋಡ್ದೆ ಕಣಪ್ಪ." ಜಗಲಿಯಲ್ಲಿ ಕುಸಿದು ಕೂತು ಅವಳು ಎಲೆಯಡಿಕೆ ಚೀಲಕ್ಕೆ ಕೈಹಾಕಿದಳು. "ಆ ಉಡ್ಗಿ ಕೈ ಒಳ್ಳೇದು. ಮಗ ಅಡ್ಡ ತಿರುಗಿತ್ತು, ಸಾವ್ಧಾನವಾಗಿ ನೆಟ್ಟಗೆ ಮಾಡುದ್ಲು. ಬಾಯಿ ಮಾತ್ರ ನನ್ಗಿಂತ ಜೋರು. ಎಲ್ಲಾನ ಒಂದು ಗಂಡು ನೋಡ್ಬೇಕು ಅವ್ಳಿಗೆ."

ಹುಚ್ಚಯ್ಯ ಕಂಬವನ್ನು ಬಿಟ್ಟು, ಮುಖ ಒರೆಸಿಕೊಂಡು, ಒಳಗೆ ಹೋದ. ಹೆಂಡತಿಯನ್ನು ನೋಡಿದ, ಮಗುವನ್ನು ನೋಡಿದ. ಆಮೇಲೆ ಹೆಂಡತಿಯ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು, ಎಂದಿನಂತೆ ಪಾದ ಒತ್ತಿ ಗುಳಿ ನೋಡಿದ.

ಬಾಣಂತನ ದೇವನೂರಿನಲ್ಲೇ ಎಂದು ತೀರ್ಮಾನವಾಗಿ ತಾಯಿ ಮಗು ಅಲ್ಲಿಗೆ ಹೋದರು. ಹುಚ್ಚಯ್ಯ ಕಚೇರಿಗೆ ಮರಳಿದ. ಒಂದು ದಿನ ಅಮಲ್ದಾರರು ಅವನನ್ನು ಒಳಕೋಣೆಗೆ ಕರೆಸಿ, ಬಾಗಿಲು ಮುಂದೆ ಮಾಡಿ, ಮೇಜಿನ ಮೇಲಿನ ಮಸಿಕುಡಿಕೆಯನ್ನು ಸುಮ್ಮನೆ ಆಚೆ ಈಚೆ ಸರಿಸಿದರು.

"ಹುಚ್ಚಯ್ಯ, ಆ ನಂಜನಗೂಡಿನ ಡಾಕ್ಟರಮ್ಮ... ಹೇಗೆ? ನಮ್ಮ ಮನೆಯಲ್ಲೂ... ಅಂದರೆ, ನಮ್ಮವರಿಗೆ..."

ಹುಚ್ಚಯ್ಯ ನೆಟ್ಟಗೆ ನಿಂತ.

"ಪಾಸು ನಾನೇ ನೋಡಿವ್ನಿ ಸ್ವಾಮಿ, ಏನೂ ಮೋಸ ಇಲ್ಲ. ಅಮ್ಮಾವ್ರಿಗೆ ಎಷ್ಟು ತಿಂಗಳು?"

"ಎಷ್ಟು ಅಂದರೆ... ಇರಬಹುದು ಐದೋ ಆರೋ..."

"ಕಾಲು ಊದವಾ?"

ಅಮಲ್ದಾರರು ಮಸಿಕುಡಿಕೆಯನ್ನು ಬಿಟ್ಟು, ಛತ್ರಿಗೆ ಕೈಹಾಕಿ, ಮೇಲಕ್ಕೆದ್ದರು.

"ನೀನು ಇಲ್ಲೇ ಇರು. ಮನೆಗೆ ಹೋಗಿ ನೋಡಿಕೊಂಡು ಬರ್ತೀನಿ."