ಇಪ್ಪತ್ತಕ್ಕೆ ಒಬ್ಬ ಕಡಿಮೆ

ಮೂರು ವಾರದಿಂದ ಐಲೀನ್ ಕೋವಾಚ್ ಕಂಡಕಂಡವರನ್ನೆಲ್ಲ ಸಭೆಗೆ ಕರೆದಿದ್ದಳು, ಕಾಲಿಗೆ ಬೀಳುವುದೊಂದು ಬಾಕಿ. ಉತ್ತರ ಮಿನೆಸೋಟದಲ್ಲಿ ಹಿಮ ಗೋರುವ ಸರ್ಕಾರಿ ಲಾರಿಗಳ ಚಾಲಕರ ಸಂಘಕ್ಕೆ ಅವಳು ಕಾರ್ಯದರ್ಶಿ. ಸದಸ್ಯರು ನೂರಾಹತ್ತು, ಸಭೆಗೆ ಬರುವವರು ಒಂಬತ್ತೋ ಹತ್ತೋ. ಈ ಸಲ ಇಪ್ಪತ್ತು ಜನ ಇರಲೇಬೇಕಿತ್ತು. ಬ್ರೇಕ್ ಹಿಡಿಯದ ಲಾರಿಯನ್ನು ರಸ್ತೆಗಿಳಿಸಲಾರೆ ಎಂದ ಡ್ವೇನ್ ಲಾಹ್ಟಿಯನ್ನು ಮೇಲಿನವರು ಕೆಲಸದಿಂದ ತೆಗೆದಿದ್ದರು. ಅವನ ಪರವಾಗಿ ಸಂಘ ಮುಂದೆ ಹೋರಾಡಬೇಕಾದರೆ ಸಭೆ ಕೈಯೆತ್ತಿ ಒಪ್ಪಬೇಕು. ಇಪ್ಪತ್ತಕ್ಕೆ ಒಬ್ಬ ಕಡಿಮೆಯಾದರೂ ಸಭೆ ಸಭೆಯಲ್ಲ. ಗಡುವು ಸಭೆಯ ದಿನವೇ ಮುಗಿಯುತ್ತಿತ್ತು.

ನ್ಯಾಯಕ್ಕೆ ಬಾರದವರು ಮಾಂಸಕ್ಕೆ ಬರುತ್ತಾರೆ. ಚೀಟಿಯೆತ್ತಿ ಮಾಂಸ ಹಂಚುತ್ತಾರೆಂದರೆ ಆ ಸೀಮೆಯಲ್ಲಿ ಜ್ವರದಲ್ಲಿ ಮಲಗಿದವರೂ ಎದ್ದು ಬಂದಾರು. ಐಲೀನ್ ಹಾಗೆಂದು ಪ್ರಕಟಣೆ ಅಂಟಿಸಿದಳು. ಮೂವತ್ತನಾಲ್ಕು ಜನ ಬಂದರು! ಆ ಸಂತೋಷದಲ್ಲೇ ಅವಳು ಎಡವಿದ್ದು. ಹಿಂದಿನ ಕಾರ್ಯದರ್ಶಿ ಚೀಟಿಯನ್ನು ಯಾವಾಗಲೂ ಕೊನೆಗೇ ಎತ್ತುತ್ತಿದ್ದ. ಗೆದ್ದವರು ಖುಷಿಯಿಂದ ಕೈಯೆತ್ತಲಿ ಎಂದು ಇವಳು ಮೊದಲೇ ಎತ್ತಿಸಿದಳು.

ಗೆದ್ದವರು ಮಾಂಸ ಎತ್ತಿಕೊಂಡು ಎದ್ದರು, ಸೋತವರು ಮುಖ ಊದಿಸಿಕೊಂಡು ಎದ್ದರು. ಒಬ್ಬ ನಾಳೆ ಜಿಂಕೆ ಬೇಟೆ ಶುರು ಎಂದ. ಇನ್ನೊಬ್ಬ ಹೆಂಡತಿ ಕಾಯುತ್ತಾಳೆ ಎಂದ. ಉಳಿದವರನ್ನು ಎಣಿಸಿದರೆ ಅವಳೂ ಸೇರಿ ಹತ್ತೊಂಬತ್ತು. ಬಾಗಿಲ ಬಳಿ ಕೂತಿದ್ದ ಡ್ವೇನ್ ಲೆಕ್ಕಕ್ಕಿಲ್ಲ. ಕೆಲಸ ಹೋದವನಿಗೆ ಸಭೆಯಲ್ಲಿ ಕೈಯೂ ಇಲ್ಲ.

ಐಲೀನ್ ಕೋಟು ಕೂಡ ಹಾಕಿಕೊಳ್ಳದೆ ಹೊರಗೋಡಿದಳು. ಗೆದ್ದವರಲ್ಲೊಬ್ಬನಾದ ರೋಲಿ ಗಾಡಿಯ ಹಿಂದಕ್ಕೆ ಹೆಪ್ಪುಗಟ್ಟಿಸಿದ ಹಂದಿತೊಡೆ ಇಡುತ್ತಿದ್ದ.

"ರೋಲಿ, ಎರಡೇ ನಿಮಿಷ. ಒಂದ್ಸಲ ಕೈಯೆತ್ತಿ ಹೋಗಯ್ಯ."

"ಮಾಂಸ ಕರಗಿಹೋಗುತ್ತೆ ಮಾರಾಯ್ತಿ."

ನೀರು ಚೆಲ್ಲಿದರೆ ಕಲ್ಲಾಗುವ ಚಳಿ!

"ಕರಗುತ್ತಂತೆ! ನಾಚಿಕೆ ಆಗಲ್ವೇನೋ? ಒಳಗೆ ಒಬ್ಬನ ಅನ್ನ ಹೋಗ್ತಿದೆ."

"ಅಷ್ಟೊಂದು ಜನ ಇದಾರಲ್ಲ. ನಾನೊಬ್ಬ ಇಲ್ದಿದ್ರೆ ಏನ್ ಮುಳುಗೋಗುತ್ತೆ?" ರೋಲಿ ಬಾಗಿಲು ಹಾಕಿಕೊಂಡು ಹೊರಟೇಹೋದ.

ಅವಳು ಒಳಗೆ ಬಂದು, ಸಭೆ ನಡೆಯಲಿಲ್ಲವೆಂದು ಪುಸ್ತಕದಲ್ಲಿ ಬರೆದಳು. ಹದಿನೆಂಟು ಜನ ಅವಳ ಮುಖ ನೋಡದೆ ಚದುರಿದರು. ಅವಳಿಗೆ ಊರಿಗೆ ಊರೇ ಹೊತ್ತಿ ಉರಿದರೂ ಸರಿ ಎನ್ನುವಷ್ಟು ಸಿಟ್ಟು ಬಂದಿತ್ತು. ಡ್ವೇನನಿಗೆ ನಾಲ್ಕು ಸಮಾಧಾನದ ಮಾತು ಹೇಳೋಣವೆಂದು ಹತ್ತಿರ ಹೋದಳು.

"ರೋಲಿ ಏನಂದ?"

"ತಾನೊಬ್ಬ ಇಲ್ದಿದ್ರೆ ಏನಾಗುತ್ತೆ ಅಂದ."

ಡ್ವೇನ್ ಟೊಪ್ಪಿಗೆಯನ್ನು ಕೈಯಲ್ಲಿ ತಿರುಗಿಸುತ್ತ ಕೂತ. "ಹನ್ನೊಂದು ವರ್ಷ ನಾನೂ ಸಂಘದವರಿಗೆ ಇದನ್ನೇ ಹೇಳ್ತಾ ಬಂದೆ, ಅಲ್ವಾ ಐಲೀನ್?"

ಇಲ್ಲ ಎನ್ನಬಹುದಿತ್ತು. ಅಂಥ ದಿನ ಒಂದು ಸುಳ್ಳು ಹೇಳಿದರೆ ಯಾವ ಗಂಟೂ ಹೋಗುತ್ತಿರಲಿಲ್ಲ.

"ಹೌದು," ಎಂದಳು ಅವಳು. "ಒಂದ್ಸಲಾನೂ ಬರಲಿಲ್ಲ ನೀನು."