ಏಳನೇ ನಂಬರು

ಬಣಕಲ್ಲಿನ ಕರ್ನಲ್ ಓಂಕಾರಮೂರ್ತಿಯವರಿಗೆ ಈಗ ಎಂಬತ್ನಾಲ್ಕು. ಸೈನ್ಯದ ಸಿಗ್ನಲ್ಸ್ ವಿಭಾಗದಿಂದ ನಿವೃತ್ತರಾಗಿ ಬಂದು ಈ ಗುಡ್ಡಗಳಿಗೆ ಮೊದಲ ವೈರ್‌ಲೆಸ್ ತಂದವರು ಅವರೇ. ಮರಕ್ಕೆ ತಂತಿ ಕಟ್ಟುವುದನ್ನು ನೋಡಿ ನಕ್ಕವರೆಲ್ಲ ಆಮೇಲೆ ದುಂಬಾಲು ಬಿದ್ದು ಸೆಟ್ಟು ಹಾಕಿಸಿಕೊಂಡರು. ಅಂದಿನಿಂದ ಮಳೆಗಾಲದ ಬೆಳಿಗ್ಗೆ ಏಳಕ್ಕೆ ಏಳು ಎಸ್ಟೇಟುಗಳ ಹಾಜರಿ. ನಂಬರು ಕರೆದಾಗ ಮಳೆ ಎಷ್ಟು ಇಂಚೆಂದು ಹೇಳಬೇಕು. ಹಾಜರಿ ನಡೆಯುವಾಗ ಕರೆಯುವ ಮುಂಚೆ ಸೆಟ್ಟಿನ ಗುಂಡಿ ಒತ್ತಿ ಮಾತಾಡಬಾರದು. ಒಮ್ಮೆ ನಡುವೆ ಬಾಯಿ ಹಾಕಿದ ಐದನೇ ನಂಬರಿನ ಧರ್ಮೇಶನನ್ನು ತಿಂಗಳಿಡೀ ಕರೆಯದೆ ಬಿಟ್ಟಿದ್ದರು ಈ ಪುಣ್ಯಾತ್ಮರು.

ಈ ಆಗಸ್ಟಿನಲ್ಲಿ ಮೊಬೈಲ್ ಟವರುಗಳು ಸತ್ತು ಮೂರು ದಿನವಾಗಿತ್ತು. ಆ ಸಂಜೆ ಏಳನೇ ನಂಬರಿನಿಂದ, ಅಂದರೆ ಸಂಸೆಯ ಮೇಲಿನ ತೋಟದಿಂದ, ತೋಟದ ಲೆಕ್ಕ ಬರೆಯುವ ರೈಟರ್ ರೇವತಿ ಸೆಟ್ಟಿನಲ್ಲಿ ಹೇಳಿದಳು.

"ಆಳುಗಳ ಲೈನ್ ಮನೆ ಹಿಂದೆ ಗುಡ್ಡ ಬಿರುಕು ಬಿಟ್ಟಿದೆ ಸರ್. ಹನ್ನೆರಡು ಸಂಸಾರ ಇದೆ. ಇಳೀರಿ ಅಂದ್ರೆ ನನ್ನ ಮಾತು ಯಾರೂ ಕೇಳ್ತಿಲ್ಲ. ಕರ್ನಲ್ ಸಾಹೇಬ್ರು ಹೇಳ್ಲಿ, ಇಳೀತೀವಿ ಅಂತಾರೆ."

"ಬಿರುಕಿನ ಅಳತೆ ಇಲ್ದೆ ನಾನು ಆರ್ಡರ್ ಕೊಡಲ್ಲಮ್ಮ. ಬೆಳಿಗ್ಗೆ ಅಳೆದು ಹೇಳು. ಜಾಸ್ತಿ ಆಗಿದ್ರೆ ನಾನೇ ಅವರ ಹತ್ರ ಮಾತಾಡ್ತೀನಿ."

ರಾತ್ರಿ ಕರ್ನಲ್ಲರಿಗೆ ಸರಿಯಾಗಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಸೆಟ್ಟು ಹಾಕುತ್ತಿದ್ದಂತೆ ಯಾರದೋ ಅವಸರದ ಸ್ವರ.

"ಸರ್—"

"ನಂಬರ್ ಕರೆಯೋ ತನಕ ಸುಮ್ನಿರಿ!"

ರೇವತಿಯೇ ಇರಬಹುದೆಂದು ಮನಸ್ಸು ಹೇಳಿತು. ಬಾಯಿ ಕೇಳಬೇಕಲ್ಲ! ನಲವತ್ತು ವರ್ಷದ ಅಭ್ಯಾಸ. ಹುಟ್ಟುಗುಣ ಸುಟ್ಟರೂ ಹೋಗದು.

ಒಂದು, ಎರಡು, ಮೂರು ಮುಗಿಯಿತು. ನಾಲ್ಕು ಸುರೇಂದ್ರನದು.

"ಹತ್ತತ್ರ ಒಂಬತ್ತು ಇಂಚು ಸರ್."

"ಹತ್ತತ್ರ ಅಂದ್ರೇನು ಮಾರಾಯ? ಹೋಗಿ ನೋಡ್ಕೊಂಡು ಬಾ."

ಸುರೇಂದ್ರ ಹೋದ. ಎಲ್ಲರೂ ಕಾದರು. ನಡುವೆ ಯಾರೋ ಗುಂಡಿ ಒತ್ತಿ, ಮಾತಾಡದೆ ಬಿಟ್ಟರು. ಮತ್ತೆ ಏಳನೇ ನಂಬರೇ ಇರಬಹುದೆಂದು ಕರ್ನಲ್ಲರಿಗೆ ಅನ್ನಿಸಿತು. ಆದರೂ ಸುರೇಂದ್ರ ಬಂದು ಸರಿಯಾದ ಅಳತೆ ಹೇಳಿದ ಮೇಲೆ ಐದನ್ನು, ಆರನ್ನು ಕರೆದೇ ಮುಂದೆ ಹೋದರು.

"ನಂಬರ್ ಏಳು."

"ಏಳು ಹಾಜರ್ ಸರ್. ಮಳೆ ಹನ್ನೊಂದೂವರೆ ಇಂಚು." ಅಳತೆ ಹೇಳಿ ರೇವತಿ ಮುಂದುವರಿಸಿದಳು. "ಗುಡ್ಡ ಕುಸಿದು ಲೈನ್ ಮನೆ ಹೋಯ್ತು ಸರ್. ಎಲ್ರೂ ಒಳಗಿದ್ರು."

"ಯಾವಾಗ?"

"ನಾಲ್ಕನೇ ನಂಬರಿನವ್ರು ಮಳೆ ನೋಡೋಕೆ ಹೋಗಿದ್ರಲ್ಲ, ಆಗ."

"ಮೊದ್ಲೇ ಹೇಳಬಾರ್ದಿತ್ತೇನಮ್ಮ!"

"ನನ್ನ ನಂಬರ್ ಕರೆದಿರ್ಲಿಲ್ಲ ಸರ್."

ಜೀಪು, ಗುದ್ದಲಿ, ಆಳು ಎಲ್ಲ ಇದ್ದ ಉಳಿದ ಆರು ಎಸ್ಟೇಟಿನವರೂ ಇದನ್ನು ಕೇಳಿಸಿಕೊಂಡಿದ್ದರು. ಒಬ್ಬರೂ ಗುಂಡಿ ಒತ್ತಲಿಲ್ಲ. ಕರ್ನಲ್ಲರು ನಂಬರು ಕರೆಯಲೆಂದು ಎಲ್ಲರೂ ಕಾಯುತ್ತಿದ್ದರು.