ಹೊಸಲಿನ ಹರಕೆ

ನಾನೂ ಅತ್ತೆಯೂ ಹಿತ್ತಿಲ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತಿದ್ದೆವು. ಅತ್ತೆ ಸಣ್ಣ ಸುತ್ತಿಗೆಯಿಂದ ಹಣ್ಣು ತಟ್ಟಿ ಕೊಡುವರು. ನಾನು ಬೀಜ ಒಂದು ಕಡೆ, ನಾರು ಒಂದು ಕಡೆ ಹಾಕುವೆ. ತಲೆ ಎತ್ತಿದರೆ ಹಿತ್ತಿಲ ಗೋಡೆಯಾಚೆ ಮಧುಗಿರಿಯ ಬೆಟ್ಟ ಬಿಸಿಲಿಗೆ ಕಾದು ನಿಂತಿತ್ತು. ಮದಲೂರಿನಿಂದ ಈ ಮನೆಗೆ ಸೊಸೆಯಾಗಿ ಬಂದು ಮೂರು ವರ್ಷವಾದರೂ ನಾನು ಅದರ ಬುಡ ಕಂಡಿರಲಿಲ್ಲ. ಗೋಡೆ ಅಡ್ಡ.

ನಡುಮನೆಯಿಂದ ಮಾವ ಕೂಗಿ, ಶಿರಾದ ರೇಣುಕಯ್ಯ ಬಂದಿದ್ದಾನೆ ಎಂದರು. ನನ್ನ ಗಂಡನ ಜೊತೆ ಎಡಿನ್‌ಬರೋದಲ್ಲಿ ಡಾಕ್ಟರಿಕೆ ಓದಿದವರು. ಈಚೆಗಷ್ಟೇ ಊರಿಗೆ ಮರಳಿದ್ದರು. ಅತ್ತೆ ಕೈ ಕೂಡ ತೊಳೆಯದೆ ಎದ್ದು ಹೋದರು. ನಾನು ಕಾಫಿ ಮಾಡಿ ಕೊಟ್ಟು ಅಡುಗೆಮನೆ ಬಾಗಿಲ ಮರೆಯಲ್ಲಿ ನಿಂತೆ.

ಓದಿನ ಮಾತು ಬೇಗ ಮುಗಿಯಿತು. ಆಮೇಲೆಲ್ಲ ಬೆಟ್ಟಗಳ ಮಾತು. ಭಾನುವಾರ ಬಂತೆಂದರೆ ಇವರಿಬ್ಬರೂ, ಜೊತೆಗೆ ಓದುವ ಮ್ಯಾಕ್ಲೀನ್ ಎಂಬುವನೂ, ಅವನ ತಂಗಿಯೂ ರೈಲಿನಲ್ಲಿ ಹೋಗಿ ಯಾವುದಾದರೊಂದು ಬೆಟ್ಟ ಹತ್ತುತ್ತಿದ್ದರಂತೆ. ಜೇಬಿನಲ್ಲಿ ಬ್ರೆಡ್ಡು, ಮೇಲೆ ಬಿಡದೆ ಜಿನುಗುವ ಮಳೆ. ಸ್ಕೂಲನ್ನು ನಾಲ್ಕನೇ ಕ್ಲಾಸಿಗೇ ಬಿಟ್ಟವಳು ನಾನು, ಆ ದೇಶ ಯಾವ ದಿಕ್ಕಿಗಿದೆಯೋ ತಿಳಿಯದು. ಆದರೆ ಅವನ ತಂಗಿ ಎಂದಾಗ ನನ್ನ ಕಿವಿ ಅಲ್ಲೇ ನಿಂತಿತು. ಹೊಟ್ಟೆಕಿಚ್ಚಲ್ಲ. ಹೆಣ್ಣುಮಗಳು ಕಾಲಿಗೆ ಏನು ಹಾಕಿಕೊಂಡು ಬೆಟ್ಟ ಹತ್ತುತ್ತಾಳೆ ಎಂದು ಕೇಳಬೇಕೆನಿಸಿತು.

"ತುದಿ ಮುಟ್ಟಿದ್ರೆ ಸಾಕು, ನಿಮ್ಮ ಮಗ ವೃಷಭೇಂದ್ರಪ್ಪನದು ಅದೇ ರಾಗ," ಎಂದರು ರೇಣುಕಯ್ಯ. "ಇದೆಲ್ಲ ಹುಲ್ಲುಗುಡ್ಡೆ, ನಮ್ಮೂರಿಗೆ ಬನ್ನಿ, ಒಂದೇ ಕಲ್ಲಿನ ಬೆಟ್ಟ ತೋರಿಸ್ತೀನಿ ಅಂತ. ಇಲ್ಲಿದ್ದಾಗ ಇವನು ಅದನ್ನ ಅರ್ಧಕ್ಕೇ ಇಳಿದು ಬಂದಿದ್ದ ಅಂತ ನಾನು ಬಾಯಿಬಿಡಲಿಲ್ಲ."

ಮಾವ ನಕ್ಕರು. ಆ ನಗುವಿನಲ್ಲೇ ರೇಣುಕಯ್ಯ ಇನ್ನೊಂದು ಸಂಗತಿ ಹೇಳಿಬಿಟ್ಟರು. ಹೋದ ಚಳಿಗಾಲ ಮಂಜುಗಡ್ಡೆಯ ಮೇಲೆ ನನ್ನ ಗಂಡನ ಕಾಲು ಜಾರಿತ್ತಂತೆ. ಕೆಳಗೆ ಪ್ರಪಾತ.

"ಯಾರು ಹಿಡ್ಕಂಡಿದ್ದು ಗೊತ್ತೇನಪ್ಪ?" ಎಂದರು ಅತ್ತೆ.

"ಮ್ಯಾಕ್ಲೀನು. ಸೊಂಟದ ಬೆಲ್ಟಿಗೆ ಕೈ ಹಾಕಿದ."

"ಅವನಲ್ಲ ಕಣಪ್ಪ." ಅತ್ತೆ ನನ್ನ ಕಡೆಗೆ ಗದ್ದ ತೋರಿಸಿದರು.

ಹರಕೆಯ ವಿಷಯ ಅವರೇ ಹೇಳಿದರು, ಹೆಮ್ಮೆಯಿಂದ. ಮಗ ಹೊರಟ ದಿನ ತಾವು ವೀರಭದ್ರನ ಮುಂದೆ ಹೊತ್ತದ್ದು: ಅವನು ಕ್ಷೇಮವಾಗಿ ಬಂದು ಈ ಮನೆಯ ಹೊಸಲು ತುಳಿಯುವವರೆಗೆ ಸೊಸೆ ಅದರಾಚೆ ಕಾಲಿಡುವುದಿಲ್ಲ. ಹಿತ್ತಿಲ ಗೋಡೆಯವರೆಗೆ ಮನೆಯೆಂದು ಲೆಕ್ಕ. ಯಾರಿಗಾಗಿ ಹೊತ್ತದ್ದೋ ಅವರ ಕಿವಿಗೆ ಬಿದ್ದರೆ ಹರಕೆ ಕೆಡುತ್ತದೆ. ಗೌರಿ ಹಬ್ಬಕ್ಕೆ ನನ್ನನ್ನು ಕರೆಯಲು ಬಂದ ಅಪ್ಪ ಪ್ರತಿ ವರ್ಷವೂ ಖಾಲಿ ಗಾಡಿ ಹೊಡೆದುಕೊಂಡು ಹೋದದ್ದನ್ನು ಮಾತ್ರ ಅತ್ತೆ ಹೇಳಲಿಲ್ಲ.

ರೇಣುಕಯ್ಯ ಲೋಟ ಕೆಳಗಿಟ್ಟು ಬಾಗಿಲ ಕಡೆ ನೋಡಿದರು. ಇದು ಅವನಿಗೆ ಗೊತ್ತಾದರೆ, ಎಂದು ಏನೋ ಹೇಳಹೊರಟರು.

"ಗೊತ್ತಾಗ್ಬಾರ್ದು. ನಿನ್ನ ಎದೆ ಮೇಲಿನ ಲಿಂಗ ಮುಟ್ಟಿ ಹೇಳು."

ಅವರು ಮಾವನ ಮುಖ ನೋಡಿದರು. ಮಾವ ಕಾಫಿ ಲೋಟ ಬಾಯಿಗೆ ಹಿಡಿದರು. ರೇಣುಕಯ್ಯ ಕೋಟಿನೊಳಗೆ ಕೈ ಹಾಕಿ ಲಿಂಗದ ಕರಡಿಗೆ ಮುಟ್ಟಿ, ಹೇಳುವುದಿಲ್ಲ ಎಂದರು. ನನಗೆ ಹುಣಸೆಯ ಹುಳಿ ಉಗುರುಸಂದಿಯಲ್ಲಿ ಉರಿಯುತ್ತಿತ್ತು.

ಆಮೇಲೆ ಅವರು ತಾವು ಬಂದ ಕೆಲಸ ಹೇಳಿದರು. ವೃಷಭೇಂದ್ರಪ್ಪ ಪಾಸಾಗಿದ್ದಾನೆ, ಆದರೆ ಅಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಕಲಿಯಲು ಇನ್ನೂ ಒಂದು ವರ್ಷ ಇರುತ್ತಾನೆ. ಕಾಗದದಲ್ಲಿ ತಿಳಿಸಿದರೆ ಅಮ್ಮ ನೊಂದಾರು, ನೀನೇ ಹೋಗಿ ಹೇಳು ಎಂದಿದ್ದನಂತೆ. ಬೇಸಗೆಗೆ ಮ್ಯಾಕ್ಲೀನ್ ಜೊತೆ ಇನ್ನೂ ದೊಡ್ಡ ಬೆಟ್ಟಕ್ಕೆ ಹೋಗುವ ಮಾತೂ ಇದೆಯಂತೆ.

ಅತ್ತೆ ಅಳುತ್ತಾರೆಂದುಕೊಂಡೆ. ಅಳಲಿಲ್ಲ.

"ಹತ್ಲಿ ಬುಡು. ಈಗ ನಂಗೇನ್ ಭಯ? ಅವ್ನು ಎಷ್ಟು ಎತ್ರ ಹತ್ತಿದ್ರೂ ಇಲ್ಲಿ ಇವ್ಳು ಗಟ್ಟಿಯಾಗಿ ಕೂತವ್ಳೆ."

ಅಲ್ಲಿ ಅವರು ಒಂದೊಂದು ಬೆಟ್ಟ ಹತ್ತಿ ಕ್ಷೇಮವಾಗಿ ಇಳಿದಾಗಲೂ ಇಲ್ಲಿ ನನ್ನ ಬಾಗಿಲು ಇನ್ನಷ್ಟು ಬಿಗಿಯುತ್ತದೆ ಎಂದು ಆಗ ಹೊಳೆಯಿತು.

ರೇಣುಕಯ್ಯ ಎದ್ದು ಹೊಸಲು ದಾಟಿ ಪಡಸಾಲೆಗೆ ಹೋಗಿ ಬೂಟು ಹಾಕಿಕೊಳ್ಳತೊಡಗಿದರು. ಗಂಡಸರ ಮುಂದೆ ನಾನು ಎಂದೂ ಬಾಯಿ ತೆರೆದವಳಲ್ಲ. ಬಾಗಿಲ ಮರೆಯಿಂದ ಬಂದು ಹೊಸಲಿನ ಒಳಗೆ ನಿಂತೆ. ಅಣ್ಣ, ಎಂದೆ. ಆಣೆ ಮುರಿಯಬೇಡಿ, ಹರಕೆಯ ವಿಷಯ ತಿಳಿಸಬೇಡಿ; ಅವರು ಬರಲಿ ಎಂದು ಮಾತ್ರ ಬರೆಯಿರಿ ಎಂದು ಕೇಳಿದೆ.

ಓದುವ ಗಂಡನನ್ನು ಹೆಂಡತಿ ಕರೆಸಿಕೊಳ್ಳುವುದೆಂದರೆ ಈ ಮನೆಯಲ್ಲಿ ನಾಚಿಕೆಗೇಡು. ಮಾವ ಗೋಡೆಯ ಕಡೆ ತಿರುಗಿದರು. ಅತ್ತೆ ಹಿತ್ತಿಲಿಗೆ ಹೋದರು. ಸುತ್ತಿಗೆಯ ಸದ್ದು ಮತ್ತೆ ಶುರುವಾಯಿತು. ರೇಣುಕಯ್ಯ ತಲೆ ತಗ್ಗಿಸಿ ಬೂಟಿನ ದಾರ ಬಿಗಿಯುತ್ತಿದ್ದರು. ಕೇಳಿಸಲಿಲ್ಲವೇನೋ ಎಂದು ನಾನು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಹೇಳಿದೆ.

"ಬರೋಕೆ ಹೇಳಿ ಅಣ್ಣ. ಅಷ್ಟೇ ಸಾಕು."